ಓದುಗರ ಪ್ರಶ್ನೆ: ಐರ್ಲೆಂಡಿನ ಹಳ್ಳಿ ದಾರಿಗೆ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ

ಹೋದ ಸಂಚಿಕೆಯಲ್ಲಿ ನಮ್ಮ ಐರ್ಲೆಂಡ್ ಪ್ರವಾಸದ ಬಗ್ಗೆ ಒಂದು ಪುಟ ಬರೆದಿದ್ದೆ. ಕಳೆದ ವರ್ಷ ಮೇ ಕೊನೆಗೆ ನಾನು, ನಮ್ಮನೆಯವರು, ಶಿರಸಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಅಪ್ಪಯ್ಯ, ಮೂರೂ ಜನ ಒಂದು ಸಣ್ಣ ಬಾಡಿಗೆ ಕಾರಿನಲ್ಲಿ ಅಲ್ಲಿನ ಪಶ್ಚಿಮ ಕರಾವಳಿಯ ಹಳ್ಳಿಗಳನ್ನು ಸುತ್ತಿ ಬಂದೆವು. ಒಟ್ಟು ಒಂಬತ್ತು ರಾತ್ರಿ. ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ತಮ್ಮನಿಗೆ ರಜೆ ಸಿಗಲಿಲ್ಲ, ಹಾಗಾಗಿ ಕಾರು ಓಡಿಸಿದ್ದು ನಾನೇ. ಅದನ್ನು ಓದಿ ಬಂದ ಪತ್ರಗಳು, ಮೆಸೇಜುಗಳು ನಾನು ನೆನೆಸಿದ್ದಕ್ಕಿಂತ ಜಾಸ್ತಿ. ಬಹಳಷ್ಟು ನಮ್ಮ ಜಿಲ್ಲೆಯಿಂದಲೇ ಬಂದಿವೆ. ಈ ಸಲದ ಪುಟ ಪೂರ್ತಿ ಅವಕ್ಕೇ.

ಕಾರವಾರದಿಂದ ಒಬ್ಬ ಬ್ಯಾಂಕ್ ಉದ್ಯೋಗಿ: ಮೇಡಂ, ನಮಗೆ ಇರುವುದು ಎಂಟು ದಿನ ರಜೆ. ವೈಲ್ಡ್ ಅಟ್ಲಾಂಟಿಕ್ ವೇ ಪೂರ್ತಿ ನೋಡಬೇಕು ಅಂತ ಆಸೆ. ಲೆಕ್ಕ ಹಾಕಿದರೆ ದಿನಕ್ಕೆ 300 ಕಿಲೋಮೀಟರ್ ಚಿಲ್ಲರೆ ಬರುತ್ತದೆ. ಆಗಬಹುದಾ?

ಆಗುವುದಿಲ್ಲ. ನೇರವಾಗಿ ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಅಷ್ಟು ದುಡ್ಡು ಖರ್ಚು ಮಾಡಿ ಹೋಗುತ್ತೀರಿ, ಅದು ಸುಮ್ನೆ ಹಾಳಾಗಬಾರದು.

ವೈಲ್ಡ್ ಅಟ್ಲಾಂಟಿಕ್ ವೇ ಅನ್ನುವುದು ನಮ್ಮ ಹೊನ್ನಾವರ, ಕುಮಟಾ, ಅಂಕೋಲಾ ದಾಟಿ ಹೋಗುವ ಹೈವೇ ತರಹದ್ದಲ್ಲ. ಮೊದಲೇ ಇದ್ದ ಕರಾವಳಿ ರಸ್ತೆಗಳನ್ನು ಒಂದಕ್ಕೊಂದು ಜೋಡಿಸಿ, ಬೋರ್ಡ್ ನೆಟ್ಟು, 2014ರಲ್ಲಿ ಕೊಟ್ಟ ಹೆಸರು ಅದು. ಉತ್ತರದ ಡೊನೆಗಲ್‌ನಿಂದ ದಕ್ಷಿಣದ ಕಿನ್ಸೇಲ್ ಊರಿನ ತನಕ ಸುಮಾರು 2,500 ಕಿಲೋಮೀಟರ್. ನೀವು ಕಾರವಾರದಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ಅಷ್ಟಾಗುವುದಿಲ್ಲ. ಅದರಲ್ಲೂ ಸಮುದ್ರ ಒಳಗೆ ಬಂದಲ್ಲೆಲ್ಲ ರಸ್ತೆಯೂ ಒಳಗೆ ಬರುತ್ತದೆ, ಭೂಮಿ ಚಾಚಿಕೊಂಡಲ್ಲೆಲ್ಲ ತುದಿ ತನಕ ಹೋಗಿ ವಾಪಸ್ ಬರುತ್ತದೆ. ಎದುರಿನ ದಡ ಕಣ್ಣಿಗೆ ಕಾಣುತ್ತಿರುತ್ತದೆ, ಅಲ್ಲಿಗೆ ಮುಟ್ಟಲು ಒಂದು ಗಂಟೆ ಬೇಕು. ಅಘನಾಶಿನಿಯ ಈ ಕಡೆ ನಿಂತು ಆ ಕಡೆಯ ಊರು ನೋಡಿದ ಹಾಗೆ, ಆದರೆ ದಾಟಲು ದೋಣಿ ಇಲ್ಲ ಅಂದುಕೊಳ್ಳಿ.

ಅಲ್ಲಿನ ರಸ್ತೆಗಳಿಗೆ ಅಕ್ಷರ ಇರುತ್ತದೆ. ಎಂ ಅಂದರೆ ಮೋಟಾರ್‌ವೇ, ಗಂಟೆಗೆ 120ರ ಮಿತಿ. ಎನ್ ರಸ್ತೆಗಳಲ್ಲಿ ಸಾಮಾನ್ಯವಾಗಿ 100, ಆರ್ ರಸ್ತೆಗಳಲ್ಲಿ 80. ಎಲ್ ಅನ್ನುವ ಹಳ್ಳಿ ದಾರಿಗಳಲ್ಲಿ ಮೊದಲು 80 ಇತ್ತು, 2025ರ ಫೆಬ್ರವರಿಯಿಂದ 60ಕ್ಕೆ ಇಳಿಸಿದ್ದಾರೆ. ಇಳಿಸಿದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಆ ದಾರಿಗಳಲ್ಲಿ 40 ದಾಟುವುದೇ ಕಷ್ಟ. ಎರಡೂ ಕಡೆ ಎತ್ತರದ ಬೇಲಿ, ನಡುವೆ ಒಂದೇ ಕಾರಿನ ಅಗಲ, ಕೆಲವು ಕಡೆ ರಸ್ತೆ ಮಧ್ಯದಲ್ಲೇ ಉದ್ದಕ್ಕೂ ಹುಲ್ಲು ಬೆಳೆದಿರುತ್ತದೆ.

ಐರಿಷ್ ಭಾಷೆಯಲ್ಲಿ ರಸ್ತೆಗೆ ಬೋಹರ್ ಅನ್ನುತ್ತಾರೆ. ಬೋ ಅಂದರೆ ಹಸು, ಪದ ಬಂದಿದ್ದು ಅಲ್ಲಿಂದ. ಒಂದು ಹಸು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ನಿಂತರೆ ಎಷ್ಟು ಜಾಗ ಬೇಕೋ ಅಷ್ಟು ಅಗಲದ್ದು ಬೋಹರ್ ಅಂತ ಅವರ ಹಳೇ ನಿಘಂಟಿನಲ್ಲಿ ವಿವರಣೆ ಇದೆಯಂತೆ. ಇನ್ನೂ ಸಣ್ಣದಕ್ಕೆ ಬೋರೀನ್. ಅಪ್ಪಯ್ಯನಿಗೆ ಇದನ್ನು ಹೇಳಿದಾಗ, 'ಹಾಗಾದರೆ ಇದು ದನ ಹೊಡೆದುಕೊಂಡು ಹೋಗುವ ಹಾದಿಯೇ ಆಯಿತಲ್ಲ' ಅಂದರು. ಅವರಿಗೆ ಆ ಒಂದು ಮಾತಿಗೆ ಇಡೀ ದೇಶ ಅರ್ಥವಾದ ಹಾಗಾಯಿತು. ದನದ ಹಾದಿಯಲ್ಲಿ ದನದ ನಡಿಗೆಯಲ್ಲೇ ಹೋಗಬೇಕು.

ಹಾಗಾಗಿ ಗಂಟೆ ಲೆಕ್ಕ ಹಾಕಿ, ಕಿಲೋಮೀಟರ್ ಬೇಡ. ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರ್ ಅಷ್ಟೇ, ಆದರೆ ದೇವಿಮನೆ ಘಟ್ಟ ಗೊತ್ತಿದ್ದವರು ಯಾರೂ ಒಂದು ಗಂಟೆಗೆ ಮುಟ್ಟುತ್ತೇನೆ ಅನ್ನುವುದಿಲ್ಲ, ಅಲ್ವಾ? ಹಳ್ಳಿ ಕಡೆ 100 ಕಿಲೋಮೀಟರಿಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ, ನಿಲ್ಲುವುದು ಬೇರೆ. ದಿನಕ್ಕೆ 120 ಕಿಲೋಮೀಟರ್ ದಾಟಬೇಡಿ. ಎಂಟು ದಿನಕ್ಕೆ ಎರಡೇ ಕೌಂಟಿ ಆರಿಸಿಕೊಳ್ಳಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ.

ಹೊನ್ನಾವರದಿಂದ ನಿವೃತ್ತ ಶಿಕ್ಷಕರು: ನೀವು ಹೋದ ದಾರಿಯನ್ನು ರಾತ್ರಿವಾರು ಹೇಳಿದರೆ ನಮಗೂ ಅನುಕೂಲ.

ಹೇಳುತ್ತೇನೆ ಸರ್. ಮೊದಲ ರಾತ್ರಿ ಡಬ್ಲಿನ್, ತಮ್ಮನ ಮನೆ. ಭಾರತದಿಂದ ಡಬ್ಲಿನ್‌ಗೆ ನೇರ ವಿಮಾನ ಇಲ್ಲ. ದುಬೈ, ಅಬುಧಾಬಿ, ದೋಹಾದಂಥ ಕಡೆ ಬದಲಿಸಬೇಕು. ಇಳಿದ ದಿನವೇ ಸ್ಟೀರಿಂಗ್ ಹಿಡಿಯಬೇಡಿ, ನಿದ್ದೆ ಕೆಟ್ಟ ಕಣ್ಣಿಗೆ ಹೊಸ ರಸ್ತೆ ಒಳ್ಳೆಯದಲ್ಲ.

ಮರುದಿನ ಎಂ6 ಹಿಡಿದು ದೇಶದ ಈ ಕಡೆಯಿಂದ ಆ ಕಡೆಗೆ ಹೋದೆವು. ಗಾಲ್ವೇ ಊರಿಗೆ ಸುಮಾರು 210 ಕಿಲೋಮೀಟರ್, ಎರಡೂವರೆ ಗಂಟೆ. ಇಡೀ ಪ್ರವಾಸದಲ್ಲಿ ಜೋರಾಗಿ ಓಡಿಸಿದ್ದು ಅಲ್ಲಿ ಮಾತ್ರ. ಅಲ್ಲಿಂದ ತೆಂಕಣಕ್ಕೆ ಇಳಿದು ಕ್ಲೇರ್ ಕೌಂಟಿಯ ಬ್ಯಾಲಿವಾನ್ ಎಂಬ ಸಣ್ಣ ಊರಲ್ಲಿ ಎರಡು ರಾತ್ರಿ. ಅಲ್ಲಿರುವುದು ಬರೆನ್ ಎಂಬ ಬೂದು ಸುಣ್ಣದಕಲ್ಲಿನ ಪ್ರದೇಶ. ಯಾಣದ ಬಂಡೆಯೂ ಸುಣ್ಣದಕಲ್ಲೇ, ಆದರೆ ಯಾಣ ಮೇಲಕ್ಕೆದ್ದು ನಿಂತಿದೆ, ಇದು ಚಾಪೆ ಹಾಸಿದ ಹಾಗೆ ಮಲಗಿದೆ. ದೂರದಿಂದ ನೋಡಿದರೆ ಬರಡು. ಕಾರಿನಿಂದ ಇಳಿದು ಬಗ್ಗಿ ನೋಡಬೇಕು, ಕಲ್ಲಿನ ಸೀಳುಗಳಲ್ಲಿ ಅಂಗುಲ ಎತ್ತರದ ಕಡುನೀಲಿ ಹೂ. ಹಿಮದ ಸೀಮೆಯ ಗಿಡ, ಬಿಸಿಲು ಸೀಮೆಯ ಗಿಡ ಎರಡೂ ಅಕ್ಕಪಕ್ಕ ಬೆಳೆಯುವ ಜಾಗ ಅದು. ಮೇ ತಿಂಗಳು ಅದಕ್ಕೆ ಸರಿಯಾದ ಸಮಯ. ಅಲ್ಲೇ ಪೌಲ್ನಬ್ರೋನ್ ಅಂತ 5,000 ವರ್ಷಕ್ಕೂ ಹಳೆಯ ಕಲ್ಲಿನ ಗೋರಿ ಇದೆ, ನಿಂತ ಕಲ್ಲುಗಳ ಮೇಲೆ ಒಂದು ದೊಡ್ಡ ಚಪ್ಪಡಿ. ಮೋಹೆರ್ ಬಂಡೆಗಳಿಗೂ ಇಲ್ಲಿಂದಲೇ ಹೋಗಬೇಕು. ಅತಿ ಎತ್ತರದಲ್ಲಿ 214 ಮೀಟರ್, ನಮ್ಮ ಜೋಗಕ್ಕಿಂತ ತುಸು ಕಡಿಮೆ, ಕೆಳಗೆ ನೇರ ಅಟ್ಲಾಂಟಿಕ್. ಟೂರಿಸ್ಟ್ ಬಸ್ಸುಗಳು ಹತ್ತೂವರೆಗೆ ಶುರುವಾದವು. ನಾವು ಬೆಳಿಗ್ಗೆ ಎಂಟೂವರೆಗೇ ಮುಟ್ಟಿದ್ದರಿಂದ ಗಾಳಿ ಮತ್ತು ಹಕ್ಕಿ ಬಿಟ್ಟು ಬೇರೆ ಸದ್ದಿರಲಿಲ್ಲ.

ಆಮೇಲೆ ಬಡಗಣಕ್ಕೆ ಕಾನೆಮಾರ. ಲೀನಾನ್ ಊರಿನ ಹತ್ತಿರ ಮೂರು ರಾತ್ರಿ. ಅಡುಗೆಮನೆ ಇರುವ ಒಂದು ಸಣ್ಣ ಮನೆ ಹಿಡಿದಿದ್ದೆವು, ಎದುರಿಗೆ ಕಿಲರಿ ಎಂಬ ಉದ್ದನೆಯ ಕಡಲ ತೋಳು, ಗುಡ್ಡಗಳ ನಡುವೆ 16 ಕಿಲೋಮೀಟರ್ ಒಳಗೆ ಬಂದಿದೆ. ಇಲ್ಲಿ ಇನ್ನೆರಡು ದಿನ ಇದ್ದರೂ ಸಾಲದು ಅನ್ನುವಷ್ಟು ಇಷ್ಟವಾಯಿತು. ಕ್ಲಿಫ್ಡೆನ್ ಹತ್ತಿರದ ಸ್ಕೈ ರೋಡ್‌ನಲ್ಲಿ ಅರ್ಧ ದಿನ. ಅಲ್ಲೇ ಡೆರಿಗಿಮ್ಲಾ ಎಂಬ ಜೌಗು ಬಯಲಿದೆ. 1919ರಲ್ಲಿ ಅಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿಗೆ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ವಿಮಾನ ಇಳಿಸಿದ್ದು ಆ ಬಯಲಲ್ಲಿ. ಗಟ್ಟಿ ಹುಲ್ಲುಗಾವಲು ಅಂದುಕೊಂಡು ಇಳಿಸಿದರು, ಮೂತಿ ಕೆಸರಲ್ಲಿ ಹೂತಿತು, ಇಬ್ಬರಿಗೂ ಏನೂ ಆಗಲಿಲ್ಲ.

ಕೊನೆಗೆ ಮೇಯೋ ಕೌಂಟಿಯ ಅಕಿಲ್ ದ್ವೀಪದಲ್ಲಿ ಎರಡು ರಾತ್ರಿ, ಸೇತುವೆ ಇದೆ, ಕಾರಿನಲ್ಲೇ ಹೋಗಬಹುದು. ಸ್ಲೈಗೋದಲ್ಲಿ ಒಂದು ರಾತ್ರಿ. ಅಲ್ಲಿಂದ ಮೂರು ಗಂಟೆಯಲ್ಲಿ ಡಬ್ಲಿನ್. ಎಲ್ಲರೂ ಹೋಗುವ, ಇನ್ನೂ ದಕ್ಷಿಣದ ಕೆರಿ ಕೌಂಟಿಯ ರಿಂಗ್ ಆಫ್ ಕೆರಿ, ಡಿಂಗಲ್ ನಾವು ಪೂರ್ತಿ ಬಿಟ್ಟೆವು. ಬಿಟ್ಟಿದ್ದಕ್ಕೆ ಬೇಸರವಿಲ್ಲ.

ಯಲ್ಲಾಪುರದಿಂದ ಒಬ್ಬರು: ನಮ್ಮ ಲೈಸೆನ್ಸ್ ನಡೆಯುತ್ತದಾ? ಸಪೂರ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಏನು ಮಾಡುವುದು? ಅರೆಬೈಲ್ ಘಟ್ಟದಲ್ಲಿ ಓಡಿಸಿ ಅಭ್ಯಾಸ ಇದೆ.

ಅರೆಬೈಲ್ ಅಭ್ಯಾಸ ಇದ್ದರೆ ಅರ್ಧ ಕೆಲಸ ಆಯಿತು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಸ್ಟೀರಿಂಗ್ ಬಲಕ್ಕೇ. ಪ್ರವಾಸಕ್ಕೆ ಹೋದವರಿಗೆ ನಮ್ಮ ಲೈಸೆನ್ಸ್ ನಡೆಯುತ್ತದೆ. ಆದರೂ ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಒಂದು ವರ್ಷಕ್ಕೆ ಕೊಡುತ್ತಾರೆ, ಬಾಡಿಗೆ ಕಾರಿನವರು ಕೇಳುತ್ತಾರೆ. ಕಾರು ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ವಯಸ್ಸು 25ಕ್ಕಿಂತ ಕಡಿಮೆ ಇದ್ದರೆ, 75ರ ಹತ್ತಿರ ಇದ್ದರೆ ಮೊದಲೇ ಕೇಳಿಕೊಳ್ಳಿ. ಕಾರು ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. ಮೂರು ಜನಕ್ಕೆ ನಮ್ಮ ಸ್ವಿಫ್ಟ್ ಗಾತ್ರ ಧಾರಾಳ.

ನಾವು ಘಟ್ಟದ ತಿರುವಲ್ಲಿ ಹಾರ್ನ್ ಹೊಡೆಯುತ್ತೇವೆ. ಅಲ್ಲಿ ಹಾರ್ನ್ ಹೊಡೆದರೆ ಬೈದ ಹಾಗೆ. ಹಾರ್ನ್ ಬದಲು ವೇಗ ಇಳಿಸಬೇಕು, ಕಣ್ಣಿಗೆ ಕಾಣುವಷ್ಟು ದೂರದೊಳಗೆ ಕಾರು ನಿಲ್ಲುವಂತಿರಬೇಕು. ಎದುರಿಗೆ ಗಾಡಿ ಬಂದರೆ ಅಗಲದ ಜಾಗ ಯಾರಿಗೆ ಹತ್ತಿರವೋ ಅವರು ರಿವರ್ಸ್ ತೆಗೆಯುತ್ತಾರೆ. ಇದಕ್ಕೆ ಜಗಳ ಇಲ್ಲ, ಮುಖ ಸಿಂಡರಿಸುವುದಿಲ್ಲ. ದಾಟುವಾಗ ಸ್ಟೀರಿಂಗ್ ಮೇಲಿನ ಒಂದು ಬೆರಳು ಎತ್ತುತ್ತಾರೆ, ನೀವೂ ಎತ್ತಿ. ಎರಡನೇ ದಿನಕ್ಕೆ ನನ್ನ ಬೆರಳು ತಾನಾಗಿ ಏಳುತ್ತಿತ್ತು. ರಿವರ್ಸ್ ಮಾತ್ರ ಇಲ್ಲೇ ಚೆನ್ನಾಗಿ ರೂಢಿ ಮಾಡಿಕೊಂಡು ಹೋಗಿ, ಗೇರು ತೋಟದ ಕಚ್ಚಾ ದಾರಿಯಲ್ಲಾದರೂ ಸರಿ.

ನನಗೆ ಆದ ಒಂದು ತಪ್ಪು ಹೇಳುತ್ತೇನೆ. ಲೀನಾನ್ ಹತ್ತಿರ ಎದುರಿಗೆ ಟ್ರ್ಯಾಕ್ಟರ್ ಬಂತು. ಎಡಕ್ಕೆ ಹಸಿರು ಬೇಲಿ, ಎಲೆ ತಾನೇ, ತಾಗಿದರೆ ತಾಗಲಿ ಅಂತ ಒತ್ತಿ ಹೋದೆ. ಆ ಎಲೆಗಳ ಹಿಂದೆ ಕಲ್ಲಿನ ಪಾಗಾರ ಇತ್ತು. ಎಡಗಡೆ ಕನ್ನಡಿ ಒಡೆಯಿತು. ಕಾರು ವಾಪಸ್ ಕೊಡುವಾಗ ಗೊತ್ತಾಯಿತು, ನಾನು ತೆಗೆದುಕೊಂಡಿದ್ದ ಸಾದಾ ವಿಮೆಯಲ್ಲಿ ಕನ್ನಡಿ, ಗಾಜು, ಟಯರ್ ಮೂರೂ ಸೇರಿರಲಿಲ್ಲ. ಕಾಗದದಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ನೀವು ಓದಿ, ಆ ಮೂರನ್ನೂ ಸೇರಿಸಿಯೇ ವಿಮೆ ಮಾಡಿಸಿ.

ಇನ್ನು ಸಣ್ಣ ಸಣ್ಣದು. ಡಬ್ಲಿನ್ ಸುತ್ತುವ ಎಂ50 ರಸ್ತೆಯಲ್ಲಿ ಟೋಲ್ ಗೇಟ್ ಇಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಮರುದಿನ ರಾತ್ರಿ ಎಂಟರೊಳಗೆ ದುಡ್ಡು ಕಟ್ಟಬೇಕು. ಬಾಡಿಗೆಯಲ್ಲಿ ಸೇರಿದೆಯಾ ಅಂತ ಕೇಳಿಕೊಳ್ಳಿ. ಬಂಕಿನಲ್ಲಿ ನೀವೇ ತುಂಬಿಸಿಕೊಳ್ಳಬೇಕು, ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಡೀಸೆಲ್. ಹಳ್ಳಿ ಮನೆಗಳಿಗೆ ನಂಬರ್ ಇಲ್ಲ, ನಮ್ಮ ಮಜರೆಗಳ ಹಾಗೆ ಜಾಗದ ಹೆಸರು ಅಷ್ಟೇ. ಆದರೆ 2015ರಿಂದ ಪ್ರತಿ ಮನೆಗೂ ಏರ್‌ಕೋಡ್ ಅಂತ ಏಳು ಅಕ್ಷರದ ಬೇರೆ ಬೇರೆ ಕೋಡ್ ಕೊಟ್ಟಿದ್ದಾರೆ. ಮ್ಯಾಪ್‌ನಲ್ಲಿ ಅದನ್ನು ಹಾಕಿದರೆ ಸೀದಾ ಅಂಗಳಕ್ಕೇ ಹೋಗಿ ನಿಲ್ಲುತ್ತೀರಿ. ನಮ್ಮ ತೋಟದ ಮನೆಗಳಿಗೂ ಇಂಥದ್ದೊಂದು ಇದ್ದರೆ ಆಂಬುಲೆನ್ಸ್‌ನವರಿಗೆ ದಾರಿ ಹೇಳುವ ಕಷ್ಟ ಎಷ್ಟು ತಪ್ಪುತ್ತಿತ್ತು ಅಂತ ಅಪ್ಪಯ್ಯ ಇವತ್ತಿಗೂ ಹೇಳುತ್ತಾರೆ.

ಅಂಕೋಲಾದಿಂದ: ಷೆಂಗೆನ್ ವೀಸಾ ಇದೆ, ಸಾಕಾಗುತ್ತದಲ್ಲ?

ಸಾಕಾಗುವುದಿಲ್ಲ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿದೆ, ದುಡ್ಡೂ ಯೂರೋ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಷೆಂಗೆನ್ ದೇಶಗಳ ಗುಂಪಿನಲ್ಲಿ ಇಲ್ಲ. ಬೇರೆ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಹಾಕಿಬಿಡಿ. ಇನ್ನೊಂದು ವಿಷಯ, ದ್ವೀಪದ ಉತ್ತರದ ಒಂದು ಭಾಗ ಬ್ರಿಟನ್ನಿಗೆ ಸೇರಿದ್ದು. ಗಡಿಯಲ್ಲಿ ಗೇಟ್ ಇಲ್ಲ, ಚೆಕ್‌ಪೋಸ್ಟ್ ಇಲ್ಲ, ವೇಗದ ಬೋರ್ಡ್ ಮೈಲಿಗೆ ಬದಲಾದಾಗಲೇ ದಾಟಿದ್ದು ಗೊತ್ತಾಗುವುದು. ಗೇಟ್ ಇಲ್ಲ ಅಂದ ಮಾತ್ರಕ್ಕೆ ವೀಸಾ ಬೇಡ ಅಂತಲ್ಲ. ಡೊನೆಗಲ್‌ಗೆ ಹೋಗುವಾಗ ಮ್ಯಾಪ್ ಆ ಕಡೆಯಿಂದ ದಾರಿ ತೋರಿಸಬಹುದು. ಭಾರತೀಯರಿಗೆ ಎರಡೂ ಕಡೆ ನಡೆಯುವ ಬ್ರಿಟಿಷ್-ಐರಿಷ್ ವೀಸಾ ವ್ಯವಸ್ಥೆ ಇದೆ, ನಿಮ್ಮ ವೀಸಾದ ಮೇಲೆ ಆ ಗುರುತು ಇದೆಯಾ ನೋಡಿಕೊಳ್ಳಿ.

ಶಿರಸಿ ತಾಲೂಕಿನಿಂದ ಒಬ್ಬ ಅಡಿಕೆ ಬೆಳೆಗಾರರು: ನಿಮ್ಮ ಅಪ್ಪಯ್ಯ ತೋಟದವರು ಅಂತ ಬರೆದಿದ್ದಿರಿ. ಅಲ್ಲಿನ ಬೇಸಾಯ ನೋಡಿ ಅವರಿಗೆ ಏನನ್ನಿಸಿತು, ಅದನ್ನು ಬರೆಯಲೇ ಇಲ್ಲವಲ್ಲ ತಂಗಿ.

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ ಅಣ್ಣಾ. ಹೋದ ಸಲ ಜಾಗ ಸಾಲದೆ ಬಿಟ್ಟಿದ್ದೆ.

ಮೊದಲ ಎರಡು ದಿನ ಅಪ್ಪಯ್ಯ ನೋಡಿದ್ದು ಹುಲ್ಲು ಮತ್ತು ಪಾಗಾರ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಸಂದಿನಲ್ಲಿ ಆಚೆ ಕಡೆಯ ಬೆಳಕು ಕಾಣುತ್ತದೆ. ಗಾಳಿ ಸಂದಿನಲ್ಲಿ ನುಸುಳಿ ಹೋಗುವುದರಿಂದಲೇ ಗೋಡೆ ಬೀಳುವುದಿಲ್ಲ ಅಂತ ಒಬ್ಬ ಮುದುಕರು ವಿವರಿಸಿದರು. ಕುರಿಗಳ ಬೆನ್ನಿಗೆ ನೀಲಿ, ಕೆಂಪು ಬಣ್ಣದ ಗುರುತು, ಗುಡ್ಡ ಹಲವರಿಗೆ ಸೇರಿದ್ದು, ನಮ್ಮ ಗೋಮಾಳದ ಹಾಗೆ, ಯಾರ ಕುರಿ ಅಂತ ಗೊತ್ತಾಗಬೇಕಲ್ಲ. ಕಾನೆಮಾರದ ಜೌಗು ನೆಲದಲ್ಲಿ ಟರ್ಫ್ ಕೊಯ್ದು ಗೂಡು ಕಟ್ಟಿ ಒಣಗಿಸಿದ್ದು ನೋಡಿದರು. ಸಾವಿರಾರು ವರ್ಷ ನೀರಲ್ಲಿ ಕೊಳೆಯದೆ ಉಳಿದ ಸಸ್ಯಗಳ ಪದರ ಅದು, ಇಟ್ಟಿಗೆಯಂತೆ ಕಡಿದು ಒಣಗಿಸಿ ಒಲೆಗೆ ಹಾಕುತ್ತಾರೆ. ಅದರ ಹೊಗೆಯ ವಾಸನೆ ಹಳ್ಳಿ ತುಂಬ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿದ ಹಾಗೆ, ಆದರೆ ಇನ್ನೂ ಮೆತ್ತಗಿನ ವಾಸನೆ. ಈಗ ಅದರ ಮಾರಾಟಕ್ಕೆ ನಿರ್ಬಂಧ ಬಂದಿದೆ, ಹೊಗೆ ಅದಕ್ಕೆ ಕಾರಣ.

ಲೂಯಿಸ್‌ಬರ್ಗ್‌ನಿಂದ ಲೀನಾನ್‌ಗೆ ಬರುವ ದಾರಿಯಲ್ಲಿ ಡೂಲೋಕ್ ಎಂಬ ಕಣಿವೆ ಇದೆ. ಸುಮಾರು 30 ಕಿಲೋಮೀಟರ್ ದಾರಿ, ಒಂದು ಕಡೆ ಕಪ್ಪು ನೀರಿನ ಸರೋವರ, ಮನೆ ಇಲ್ಲ, ಮರ ಇಲ್ಲ. ರಸ್ತೆ ಪಕ್ಕದಲ್ಲಿ ಒಂದು ಸಾದಾ ಕಲ್ಲಿನ ಶಿಲುಬೆ. 1849ರ ಮಾರ್ಚ್‌ನಲ್ಲಿ, ಊಟ ಇಲ್ಲದೆ ಬಡಕಲಾದ ನೂರಾರು ಜನರನ್ನು ಪರಿಹಾರದ ತಪಾಸಣೆಗೆ ಅಂತ ಈ ಕಣಿವೆಯ ಆಚೆಗಿನ ಬಂಗಲೆಗೆ ಬರಹೇಳಿದರು. ಚಳಿಮಳೆಯಲ್ಲಿ ನಡೆದು ಹೋದರು, ಬರಿಗೈಯಲ್ಲಿ ವಾಪಸ್ ಬರುವಾಗ ದಾರಿಯಲ್ಲೇ ಎಷ್ಟೋ ಜನ ಸತ್ತರು. ಆಲೂಗಡ್ಡೆಯ ಮಹಾ ಬರದ ಕಾಲ ಅದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು, ಬಡವರ ಊಟ ಅದೊಂದೇ ಆಗಿತ್ತು. ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿ ದೇಶ ಬಿಟ್ಟರು. ಧಾನ್ಯ, ದನ ಮಾತ್ರ ಆಗಲೂ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಆ ಬರಕ್ಕೆ ಮೊದಮೊದಲು ದುಡ್ಡು ಕೂಡಿಸಿ ಕಳಿಸಿದ ಊರುಗಳಲ್ಲಿ ನಮ್ಮ ಕಲ್ಕತ್ತಾ ಒಂದು.

ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ, 'ಯಾವ ರೋಗ?' ಫೋನಿನಲ್ಲಿ ತಮ್ಮನಿಗೆ ಕೇಳಿ ಹೆಸರು ಹೇಳಿದೆ, ಫೈಟಾಫ್ತೊರಾ. ಅವರು ಸುಮ್ಮನಾದರು. ನಿಮಗೆ ನಾನು ಹೇಳಬೇಕಾಗಿಲ್ಲ, ನಮ್ಮ ಅಡಿಕೆಗೆ ಕೊಳೆರೋಗ ತರುವುದೂ ಅದೇ ಕುಲದ ರೋಗಾಣು. ಅದೇ ಜಾತಿಯಲ್ಲ, ದಾಯಾದಿ. ಜೂನ್, ಜುಲೈನ ಜಡಿಮಳೆ, ಮಂಜು, ಬಿಸಿಲಿಲ್ಲದ ವಾರ, ಎಳೆ ಕಾಯಿ ಉದುರಿ ಮರದ ಬುಡ ಹಸಿರಾಗುವುದು, ಆ ಕೊಳೆತ ವಾಸನೆ, ಅಪ್ಪಯ್ಯನಿಗೆ ಅದೆಲ್ಲ ಆ ಕಣಿವೆಯಲ್ಲಿ ನಿಂತಲ್ಲೇ ಮೂಗಿಗೆ ಬಂದಿರಬೇಕು. ಅಲ್ಲಿಯೂ ಆಲೂಗಡ್ಡೆ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಹೊಲದಿಂದ ನಾತ ಎದ್ದಿತಂತೆ.

ವ್ಯತ್ಯಾಸ ಇಷ್ಟೇ, ಅವರ ಹತ್ತಿರ ಮದ್ದು ಇರಲಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದು 1880ರ ದಶಕದಲ್ಲಿ, ಬರ ಮುಗಿದು ಮೂವತ್ತು ವರ್ಷದ ಮೇಲೆ. ನಮ್ಮ ಹಿರಿಯರು ಅದಕ್ಕೂ ಮೊದಲಿನಿಂದ ಮಳೆ ತಾಗದ ಹಾಗೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟಿ ಅಡಿಕೆ ಕೊನೆ ಉಳಿಸಿಕೊಳ್ಳುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಕೆಲಸ ಮಾಡಿದ ಮೇಲೆ ಬೋರ್ಡೋ ನಮ್ಮ ತೋಟಗಳಿಗೆ ಬಂತು. ಕೊನೆಗೌಡರು ಮರ ಏರಿ ಮದ್ದು ಹೊಡೆಯುವುದನ್ನು ಪ್ರತಿ ಮಳೆಗಾಲ ನೋಡಿದ್ದೇನೆ, ಅದರ ನೀಲಿ ಬಣ್ಣದ ಬೆಲೆ ನನಗೆ ಗೊತ್ತಾಗಿದ್ದು ಅಲ್ಲಿ.

ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಬೆಟ್ಟದ ಬುಡಕ್ಕೆ ಒಂದು ಪಾಳು ಹಳ್ಳಿ ಇದೆ. 80ರಿಂದ 100 ಮನೆಗಳ ಕಲ್ಲಿನ ಗೋಡೆಗಳು, ಒಂದಕ್ಕೂ ಮಾಡು ಇಲ್ಲ. ಮನೆಗಳ ಹಿಂದೆ ಇಳಿಜಾರಲ್ಲಿ ಉದ್ದುದ್ದ ಏರಿಗಳು, ಆಲೂಗಡ್ಡೆ ನೆಡಲು ಮಾಡಿದ್ದು, ಹುಲ್ಲಿನ ಅಡಿಯಲ್ಲಿ ಇನ್ನೂ ಎದ್ದು ಕಾಣುತ್ತವೆ. ಸಂಜೆಯ ಓರೆ ಬಿಸಿಲಲ್ಲಿ ಹೋದರೆ ಚೆನ್ನಾಗಿ ಕಾಣುತ್ತದೆ. ಅಪ್ಪಯ್ಯ ಒಂದು ಏರಿಯನ್ನು ಹೆಜ್ಜೆಯಲ್ಲಿ ಅಳೆದರು, ಬಸಿಗಾಲುವೆ ಎಲ್ಲಿಗೆ ಹೋಗಿದೆ ಅಂತ ಹುಡುಕಿದರು, ಸಿಕ್ಕಿತು. 'ಚಲೋ ಕೆಲಸ ಮಾಡಿದ್ದಾರೆ' ಅಂದರು. ಅಷ್ಟೇ ಹೇಳಿದ್ದು. ನಾವು ಅವತ್ತು ನೋಡಬೇಕಿದ್ದ ಉಳಿದ ಮೂರು ಜಾಗ ನೋಡಲಿಲ್ಲ.

ಸಿದ್ದಾಪುರದಿಂದ: ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳಬೇಕಾಗುತ್ತದೆಯೇ ಅಕ್ಕಾ?

ಇಲ್ಲ ತಂಗಿ. ಬೆಳಿಗ್ಗೆ ತಂಗುವ ಮನೆಯಲ್ಲೇ ತಿಂಡಿ ಕೊಡುತ್ತಾರೆ, ಆದರೆ ಅವರ ಮಾಮೂಲಿ ತಿಂಡಿಯಲ್ಲಿ ಹಂದಿಮಾಂಸ ಇರುತ್ತದೆ, ಪುಡ್ಡಿಂಗ್ ಅಂತ ಇರುವ ಕಪ್ಪು ಬಿಲ್ಲೆ ಸಿಹಿಯಲ್ಲ, ರಕ್ತ ಹಾಕಿ ಮಾಡಿದ್ದು. ಹಿಂದಿನ ದಿನವೇ ಹೇಳಿಬಿಡಿ. ಗಂಜಿ, ಬ್ರೆಡ್, ಬೆಣ್ಣೆ, ಅಣಬೆ, ಟೊಮೆಟೊ ಖುಷಿಯಿಂದ ಮಾಡಿಕೊಡುತ್ತಾರೆ. ಸೋಡಾ ಹಾಕಿ ಮಾಡುವ ಅವರ ಕಂದು ಬ್ರೆಡ್ಡು, ಅಲ್ಲಿನ ಬೆಣ್ಣೆ, ಇದೆರಡೇ ಸಾಕು ಅನ್ನಿಸುತ್ತದೆ. ತರಕಾರಿ ಸೂಪ್ ಕೂಡ ಕೆಲವೊಮ್ಮೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ, ಕೇಳಿಯೇ ತಿನ್ನಿ. ಹಳ್ಳಿಗಳಲ್ಲಿ ರಾತ್ರಿ ಅಡುಗೆಮನೆ ಎಂಟೂವರೆ, ಒಂಬತ್ತಕ್ಕೆ ಬಂದ್. ಬೇಸಿಗೆಯಲ್ಲಿ ಹತ್ತು ಗಂಟೆ ತನಕ ಬೆಳಕಿರುವುದರಿಂದ ಹೊತ್ತಾಗಿದ್ದು ಗೊತ್ತೇ ಆಗುವುದಿಲ್ಲ.

ಮೂರು ದಿನಕ್ಕಾದರೂ ಅಡುಗೆಮನೆ ಇರುವ ಜಾಗ ಹಿಡಿಯಿರಿ. ಬ್ರೆಡ್ ಮಾಡಲಿಕ್ಕೆ ಅಂತ ಅಲ್ಲಿ ಎಲ್ಲ ಅಂಗಡಿಯಲ್ಲೂ ಮಜ್ಜಿಗೆ ಸಿಗುತ್ತದೆ! ದಪ್ಪಗಿರುತ್ತದೆ, ನೀರು ಸೇರಿಸಬೇಕು. ಕಿಲರಿ ನೀರಿನ ಎದುರು ಕೂತು ಅನ್ನಕ್ಕೆ ಜೀರಿಗೆ, ಕಾಳುಮೆಣಸಿನ ತಂಬುಳಿ ಉಂಡೆವು, ನಂಜಿಕೊಳ್ಳಲು ಅಪ್ಪೆಮಿಡಿ. ಕಾಯಿತುರಿ ಪ್ಯಾಕೆಟ್ಟಿನಲ್ಲಿ ಒಣಗಿದ್ದು ಸಿಗುತ್ತದೆ. ಇಲ್ಲಿಂದ ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಪೇಡೆ, ಹಾಲಿನ ಯಾವುದೇ ಪದಾರ್ಥ ಮತ್ತು ಹಸಿ ಕರಿಬೇವು ಒಯ್ಯಬೇಡಿ, ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಅದಕ್ಕೆ ಬಿಡುವುದಿಲ್ಲ.

ಕಾರವಾರದಿಂದ, ಮೀನು ಪ್ರಿಯರು: ನಮಗೂ ಒಂದು ಸಾಲು ಹೇಳಿ.

ಕಿಲರಿಯಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ನೀಲಿಕಲ್ಲು ಚಿಪ್ಪು, ಗಾಲ್ವೇ ಕೊಲ್ಲಿಯ ಕಲವ ಚಿಪ್ಪು, ಕೆನೆ ಹಾಕಿದ ಮೀನಿನ ದಪ್ಪ ಸೂಪ್. ಬಂಗಡೆಯ ದಾಯಾದಿ ಮೀನೂ ಸಿಗುತ್ತದೆ, ನಮ್ಮನೆಯವರು ತಿಂದು ಚಲೋ ಇದೆ ಅಂದರು. ಖಾರ ಮಾತ್ರ ನಿರೀಕ್ಷೆ ಮಾಡಬೇಡಿ.

ಕುಮಟಾದಿಂದ: ಮಕ್ಕಳಿದ್ದಾರೆ, ಹತ್ತು ಮತ್ತು ಏಳು ವರ್ಷ. ಪಬ್‌ನಲ್ಲಿ ಹಾಡು ಕೇಳಬೇಕು ಅಂತಾರಲ್ಲ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಹಳ್ಳಿಯ ಪಬ್ ಅಂದರೆ ನಮ್ಮ ಬಾರ್ ಅಲ್ಲ, ಊರವರು ಸಂಜೆ ಸೇರುವ ಜಾಗ, ಊಟವೂ ಅಲ್ಲೇ. ಆದರೆ ಕಾನೂನಿನ ಪ್ರಕಾರ 18 ತುಂಬದವರು ರಾತ್ರಿ ಒಂಬತ್ತರ ಮೇಲೆ ಅಲ್ಲಿರುವ ಹಾಗಿಲ್ಲ, ಮೇಯಿಂದ ಸೆಪ್ಟೆಂಬರ್ ತನಕ ಹತ್ತು ಗಂಟೆ. ವೇದಿಕೆ ಇಲ್ಲ, ಮೈಕ್ ಇಲ್ಲ. ತಾಳಮದ್ದಲೆಗೆ ಕೂತ ಹಾಗೆ ಒಂದು ಮೇಜಿನ ಸುತ್ತ ಪಿಟೀಲು, ಕೊಳಲು, ಕೈಯಲ್ಲಿ ಹಿಡಿದು ಬಾರಿಸುವ ಬೌರಾನ್ ಎಂಬ ಚರ್ಮವಾದ್ಯ ಹಿಡಿದು ಕೂರುತ್ತಾರೆ. ಒಬ್ಬರು ಎತ್ತಿಕೊಂಡ ರಾಗಕ್ಕೆ ಉಳಿದವರು ಸೇರುತ್ತಾರೆ. ಆಗ ಮಾತಾಡಬೇಡಿ ಅಂತ ಮಕ್ಕಳಿಗೆ ಹೇಳಿ ಕರೆದುಕೊಂಡು ಹೋಗಿ. ಕಾರು ಓಡಿಸುವವರು ಒಂದು ಗುಟುಕೂ ಕುಡಿಯಬೇಡಿ. ಹಾಂ, 150 ಸೆಂಟಿಮೀಟರಿಗಿಂತ ಕುಳ್ಳಗಿರುವ, 36 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕಾರಿನಲ್ಲಿ ಬೇರೆ ಸೀಟು ಕಡ್ಡಾಯ, ಬುಕ್ ಮಾಡುವಾಗಲೇ ಹೇಳಿ.

ಮಳೆ ಬಗ್ಗೆ ಏಳೆಂಟು ಜನ ಕೇಳಿದ್ದೀರಿ.

ನಮ್ಮ ಜಿಲ್ಲೆಯವರು ಆ ಮಳೆಗೆ ಹೆದರಬಾರದು. ಕಾರವಾರದಲ್ಲಿ ಒಂದು ಜುಲೈ ತಿಂಗಳಲ್ಲಿ ಬೀಳುವಷ್ಟು ಮಳೆ ಡಬ್ಲಿನ್‌ನಲ್ಲಿ ಇಡೀ ವರ್ಷಕ್ಕೂ ಬೀಳುವುದಿಲ್ಲ. ಆದರೆ ಅದು ಸೋನೆ ಮಳೆ, ಪಶ್ಚಿಮದ ಕೆಲವು ಕಡೆ ವರ್ಷಕ್ಕೆ 225 ದಿನ ಬರುತ್ತದೆ. ಹತ್ತು ನಿಮಿಷ ಮಳೆ, ಹತ್ತು ನಿಮಿಷ ಬಿಸಿಲು. ಕೊಡೆ ಒಯ್ಯಬೇಡಿ, ಗಾಳಿಗೆ ಮಡಚಿ ಹೋಗುತ್ತದೆ. ಟೊಪ್ಪಿ ಇರುವ ಜಾಕೆಟ್ ಸಾಕು. ಅಪ್ಪಯ್ಯ ಅದನ್ನು ಹಾಕಿಕೊಂಡು, ಕಂಬಳಿಕೊಪ್ಪೆಯಷ್ಟು ಬೆಚ್ಚಗಿಲ್ಲ, ಆದರೆ ಹಗುರ ಅಂದರು. ಮೇ, ಜೂನ್ ಒಳ್ಳೆಯ ತಿಂಗಳು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು, ಹಳ್ಳಿ ದಾರಿಗೆ ಅದು ಬೇಡ.

ಇನ್ನೊಂದು, ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ನಡೆಯಲು ಹೋದಾಗ ಹೊಲದ ಗೇಟು ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ನಮ್ಮ ದಣಪೆ ಯಾರೋ ಸರಿಸಿ ಹಾಗೇ ಬಿಟ್ಟು ಹೋದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ, ನೆನಪಿರಲಿ.

ಕಾರವಾರದಿಂದ ಒಬ್ಬ ವಿದ್ಯಾರ್ಥಿನಿ: ನಮ್ಮ ಮನೆಮಾತು ಕೊಂಕಣಿ. ಅಲ್ಲಿನ ಹಳ್ಳಿಗಳಲ್ಲಿ ಐರಿಷ್ ಭಾಷೆ ಇನ್ನೂ ಕೇಳಿಸುತ್ತದಾ? ಸ್ಲೈಗೋದಲ್ಲಿ ಕವಿ ಯೇಟ್ಸ್ ಸಮಾಧಿ ನೋಡಿದಿರಾ?

ಎರಡೂ ಹೌದು. ಸಂವಿಧಾನದಲ್ಲಿ ಐರಿಷ್ ಮೊದಲ ಭಾಷೆ, ಇಂಗ್ಲಿಷ್ ಎರಡನೆಯದು. ಮನೆ, ಅಂಗಡಿಯಲ್ಲಿ ದಿನಾ ಅದನ್ನೇ ಆಡುವ ಊರುಗಳು ಮಾತ್ರ ಈಗ ಹೆಚ್ಚಾಗಿ ಪಶ್ಚಿಮದ ಅಂಚಿನಲ್ಲಿ ಉಳಿದಿವೆ. ಅವಕ್ಕೆ ಗೇಲ್ಟಾಕ್ಟ್ ಅನ್ನುತ್ತಾರೆ. ಬರದಲ್ಲಿ ಹೆಚ್ಚು ಸತ್ತವರು, ಹೆಚ್ಚು ಊರು ಬಿಟ್ಟವರು ಆ ಭಾಷೆಯ ಬಡವರೇ. ಕಾನೆಮಾರದ ದಕ್ಷಿಣ ಭಾಗದಲ್ಲಿ ಊರಿನ ಬೋರ್ಡುಗಳು ಐರಿಷ್‌ನಲ್ಲಿ ಮಾತ್ರ, ಹೋಗುವ ಮೊದಲು ಎರಡೂ ಹೆಸರು ಬರೆದಿಟ್ಟುಕೊಳ್ಳಿ. ರಸ್ತೆ ಮೇಲೆ ಗೊ ಮೌಲ್ ಅನ್ನುವ ಹಾಗೆ ಓದುವ ಎರಡು ಪದ ಇದ್ದರೆ ನಿಧಾನ ಅಂತ ಅರ್ಥ. ಒಂದು ಅಂಗಡಿಯಲ್ಲಿ ಅಜ್ಜಿ ಮೊಮ್ಮಗಳಿಗೆ ಐರಿಷ್‌ನಲ್ಲಿ ಏನೋ ಗದರುತ್ತಿದ್ದರು, ಹುಡುಗಿ ಅದರಲ್ಲೇ ಎದುರು ಮಾತಾಡುತ್ತಿದ್ದಳು. ನನಗೆ ಅದು ಬಹಳ ಸಮಾಧಾನ ಕೊಟ್ಟಿತು. ನೀನು ಮನೆಯಲ್ಲಿ ಕೊಂಕಣಿ ಬಿಡಬೇಡ.

ಯೇಟ್ಸ್ 1939ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು, 1948ರಲ್ಲಿ ಅವರನ್ನು ಊರಿಗೆ ತಂದು ಸ್ಲೈಗೋ ಹತ್ತಿರದ ಡ್ರಮ್‌ಕ್ಲಿಫ್ ಚರ್ಚಿನಲ್ಲಿ ಮಣ್ಣು ಮಾಡಿದರು. ಹಿಂದೆ ಬೆನ್‌ಬುಲ್ಬೆನ್ ಬೆಟ್ಟ, ಮೇಲ್ಭಾಗ ಮೇಜಿನ ಹಾಗೆ ಸಪಾಟು. ನಿನ್ನ ಊರಿಗೂ ಅವರಿಗೂ ಒಂದು ನಂಟಿದೆ. 1880ರ ದಶಕದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿ ಬಂದು ಉಳಿದ ಹುಡುಗ ರವೀಂದ್ರನಾಥ ಠಾಗೂರ್, ನೀವು ಸಂಜೆ ಹೋಗಿ ಕೂರುವ ಬೀಚಿಗೆ ಅವರದೇ ಹೆಸರು. ಮೂವತ್ತು ವರ್ಷದ ಮೇಲೆ, 1912ರಲ್ಲಿ, ಅದೇ ಠಾಗೂರರ ಕವಿತೆಗಳು ಮೊದಲು ಇಂಗ್ಲಿಷ್ ಪುಸ್ತಕವಾಗಿ ಬಂದಾಗ ಮುನ್ನುಡಿ ಬರೆದವರು ಯೇಟ್ಸ್. ಅಲ್ಲಿ ನಿಂತಾಗ ನನಗೆ ಕಾಳಿ ನದಿ ಸಮುದ್ರ ಸೇರುವ ಜಾಗ ನೆನಪಾಯಿತು. ಸಮಾಧಿ ತೀರಾ ಸಾದಾ, ಚರ್ಚಿನ ಬಾಗಿಲ ಹತ್ತಿರವೇ ಇದೆ. ಕಾರು ನಿಲ್ಲಿಸಲು ಪಕ್ಕದಲ್ಲೇ ಜಾಗ ಇದೆ, ಅರ್ಧ ಗಂಟೆ ಇಟ್ಟುಕೊಂಡು ಹೋಗು.